ಲಾಸ್ ಏಂಜಲೀಸ್ ಕೌಂಟಿ ಬೋರ್ಡ್ ಆಫ್ ಸೂಪರ್‌ವೈಸರ್ಸ್: ನನ್ನ ಲೆಕ್ಕದಲ್ಲಿ ಬಿ ಗ್ರೇಡ್

ಲಾಸ್ ಏಂಜಲೀಸ್ ಕಡೆ ಹೋಟೆಲಿಗೆ ಹೋದವರು ನೋಡಿರುತ್ತೀರಿ, ಬಾಗಿಲ ಪಕ್ಕದ ಗಾಜಿಗೆ ಒಂದು ಕಾರ್ಡ್ ಅಂಟಿಸಿರುತ್ತಾರೆ. ಅದರ ಮೇಲೆ ದೊಡ್ಡದಾಗಿ ಎ, ಬಿ ಅಥವಾ ಸಿ ಅಂತ ಇರುತ್ತದೆ. ಇನ್‌ಸ್ಪೆಕ್ಟರ್ ಬಂದು ಅಡುಗೆಮನೆ ನೋಡಿ 90 ಅಥವಾ ಜಾಸ್ತಿ ಅಂಕ ಕೊಟ್ಟರೆ ಎ, 80ರಿಂದ 89 ಇದ್ದರೆ ಬಿ, 70ರಿಂದ 79 ಇದ್ದರೆ ಸಿ. ಲಾಂಗ್ ಬೀಚ್, ಪ್ಯಾಸಡೀನಾ ಥರದ ಊರುಗಳಿಗೆ ತಮ್ಮದೇ ಆರೋಗ್ಯ ಇಲಾಖೆ ಇದೆ, ಅವನ್ನು ಬಿಡಿ. ಮಿಕ್ಕ ಕಡೆ ಈ ಕಾರ್ಡ್ ಕೊಡುವುದು ಕೌಂಟಿ, ಅಂದರೆ ನಮ್ಮ ಜಿಲ್ಲೆ ಥರದ್ದು. 1997ರ ಕೊನೆಯಲ್ಲಿ ಒಂದು ಟೀವಿ ಚಾನೆಲ್ ಅಡುಗೆಮನೆಗಳ ಕೊಳಕನ್ನೆಲ್ಲ ಗುಟ್ಟಾಗಿ ಚಿತ್ರೀಕರಿಸಿ ತೋರಿಸಿತು. ಜನ ರೇಗಿದರು. 1998ರ ಜನವರಿಗೆಲ್ಲ ಈ ಗ್ರೇಡ್ ಪದ್ಧತಿ ಜಾರಿಗೆ ಬಂದೇಬಿಟ್ಟಿತು.

ಸರ್ಕಾರಿ ಕೆಲಸ ಇಷ್ಟು ಬೇಗ ಆಗುತ್ತಾ? ಇಲ್ಲಿ ಆಗುತ್ತದೆ. ಯಾಕೆಂದರೆ ಇಡೀ ಕೌಂಟಿಯನ್ನು ನಡೆಸುವವರು ಬೋರ್ಡ್ ಆಫ್ ಸೂಪರ್‌ವೈಸರ್ಸ್ ಅನ್ನುವ ಮಂಡಳಿಯ ಐದೇ ಜನ. ಅವರಲ್ಲಿ ಮೂವರು ಕೈ ಎತ್ತಿದರೆ ಹೆಚ್ಚಿನ ಕೆಲಸಗಳು ಮುಗಿದಂತೆ.

ಊರಿನ ಹೋಟೆಲುಗಳಿಗೆಲ್ಲ ಗ್ರೇಡ್ ಕೊಡುವ ಈ ಐವರಿಗೇ ಒಂದು ಗ್ರೇಡ್ ಕೊಡೋಣ ಅಂತ ಈ ವಿಮರ್ಶೆ. ತೆರಿಗೆ ಕಟ್ಟುವವರಿಗೆ ಇದೂ ಒಂದು ಸೇವೆಯೇ ತಾನೆ. ಮೊದಲೇ ಹೇಳಿಬಿಡ್ತೀನಿ, ನನ್ನ ಲೆಕ್ಕದಲ್ಲಿ ಬಿ. ಅದೂ ಸ್ವಲ್ಪ ಧಾರಾಳವಾಗಿಯೇ.

ಮೊದಲು ಇದು ಏನು ಅಂತ ಗೊತ್ತಾಗಬೇಕು. ಇಲ್ಲಿ ವರ್ಷಗಟ್ಟಲೆ ಇದ್ದವರಿಗೂ ಇದು ಸರಿಯಾಗಿ ಗೊತ್ತಿರುವುದಿಲ್ಲ. ಲಾಸ್ ಏಂಜಲೀಸ್ ಅಂದ ಕೂಡಲೇ ಎಲ್ಲರೂ ಮೇಯರ್ ಹೆಸರು ಹೇಳುತ್ತಾರೆ. ಆದರೆ ಮೇಯರ್ ಸಾಹೇಬರ ಅಧಿಕಾರ ಲಾಸ್ ಏಂಜಲೀಸ್ ನಗರದ ಗಡಿಗೇ ಮುಗಿಯುತ್ತದೆ. ಕೌಂಟಿಯೊಳಗೆ ಅಂಥ 88 ನಗರಗಳಿವೆ. ಯಾವ ನಗರಕ್ಕೂ ಸೇರದ ಜಾಗ ಬೇರೆ ಇದೆ, ಅದೇ ಕೌಂಟಿಯ ಅರ್ಧಕ್ಕಿಂತ ಜಾಸ್ತಿ ನೆಲ, ಅಲ್ಲಿ ಸುಮಾರು 10 ಲಕ್ಷ ಜನ ಇದ್ದಾರೆ. ಇದೆಲ್ಲದರ ಮೇಲೆ ಇರುವುದು ಬೋರ್ಡ್ ಆಫ್ ಸೂಪರ್‌ವೈಸರ್ಸ್. ನಮ್ಮ ಕಡೆಯ ಜಿಲ್ಲಾ ಪಂಚಾಯಿತಿಯನ್ನೂ ಡಿಸಿ ಆಫೀಸನ್ನೂ ಸೇರಿಸಿ, ಎರಡರ ಅಧಿಕಾರವನ್ನೂ ಐದು ಜನರ ಕೈಗೆ ಕೊಟ್ಟರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ.

2020ರ ಜನಗಣತಿ ಪ್ರಕಾರ ಕೌಂಟಿಯ ಜನಸಂಖ್ಯೆ 1 ಕೋಟಿ ದಾಟಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲೇ ಇಷ್ಟು ಜನ ಇಲ್ಲ. ಐದರಿಂದ ಭಾಗಿಸಿದರೆ ಒಬ್ಬ ಸೂಪರ್‌ವೈಸರ್‌ಗೆ 20 ಲಕ್ಷ ಜನ. ವಾಷಿಂಗ್‌ಟನ್‌ಗೆ ಹೋಗುವ ಕಾಂಗ್ರೆಸ್ ಸದಸ್ಯರಿಗೇ ಸುಮಾರು ಏಳೂವರೆ ಲಕ್ಷ! ಬಜೆಟ್ಟು 45 ಬಿಲಿಯನ್ ಡಾಲರಿಗೂ ಮೇಲೆ, ನೌಕರರು ಲಕ್ಷಕ್ಕೂ ಮೇಲೆ. ಸರ್ಕಾರಿ ಆಸ್ಪತ್ರೆ, ಮಕ್ಕಳ ರಕ್ಷಣೆ, ಅಗ್ನಿಶಾಮಕ, ಗ್ರಂಥಾಲಯ, ಚುನಾವಣೆ ನಡೆಸುವ ಕಚೇರಿ, ಸಮುದ್ರದ ದಡದಲ್ಲಿ ಕಾವಲು ಕೂರುವ ಲೈಫ್‌ಗಾರ್ಡ್‌ಗಳು, ಹಾಲಿವುಡ್ ಬೌಲ್ ಅನ್ನುವ ಬಯಲು ಸಂಗೀತರಂಗದ ಒಡೆತನ, ಎಲ್ಲವೂ ಕೌಂಟಿಯದ್ದೇ. ಶೆರಿಫ್ (ಪೊಲೀಸ್ ಮುಖ್ಯಸ್ಥ), ಡಿಸ್ಟ್ರಿಕ್ಟ್ ಅಟಾರ್ನಿ (ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲ), ಅಸೆಸರ್ (ತೆರಿಗೆಗಾಗಿ ಆಸ್ತಿ ಬೆಲೆ ಕಟ್ಟುವವರು) ಈ ಮೂವರನ್ನು ಮಾತ್ರ ಜನ ಬೇರೆಯಾಗಿ ಆರಿಸುತ್ತಾರೆ. ಆದರೆ ಅವರ ಖರ್ಚಿನ ದುಡ್ಡಿಗೂ ಬೋರ್ಡೇ ಸಹಿ ಹಾಕಬೇಕು.

ಇಲ್ಲಿ ಒಂದು ವಿಚಿತ್ರ ಇದೆ. ಕಾನೂನು ಮಾಡುವವರೂ ಇವರೇ, ಅದನ್ನು ಜಾರಿ ಮಾಡಿಸುವವರೂ ಇವರೇ. ಜಮೀನು ಬಳಕೆಯ ತಕರಾರು ಬಂದರೆ ಮೇಲ್ಮನವಿ ಕೇಳುವವರೂ ಇವರೇ. ಮೇಲೆ ಮೇಯರೂ ಇಲ್ಲ, ಗವರ್ನರೂ ಇಲ್ಲ. ಅಧ್ಯಕ್ಷರ ಕುರ್ಚಿ ಐವರ ನಡುವೆಯೇ ವರ್ಷಕ್ಕೊಮ್ಮೆ ಸುತ್ತುತ್ತದೆ. ಜನ ಇವರಿಗೆ ‘ಐದು ಪುಟ್ಟ ರಾಜರು’ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ.

ಇಷ್ಟು ದೊಡ್ಡ ಕೌಂಟಿಗೆ ಐದೇ ಯಾಕೆ ಅಂದರೆ, ಶುರುವಾದಾಗ ಐದು ಸಾಕಿತ್ತು, ಆಮೇಲೆ ಯಾರೂ ಬದಲಾಯಿಸಲಿಲ್ಲ. ಅಷ್ಟೇ. 1850ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ಮಾಡಿದ 27 ಕೌಂಟಿಗಳಲ್ಲಿ ಇದೂ ಒಂದು. ಆ ವರ್ಷದ ಜನಗಣತಿಯಲ್ಲಿ ಸಿಕ್ಕಿದ ಜನ 3,530. ಮೊದಲಿಗೆ ಒಬ್ಬ ಕೌಂಟಿ ನ್ಯಾಯಾಧೀಶ ಮತ್ತು ಇಬ್ಬರು ಸಣ್ಣ ನ್ಯಾಯಾಧಿಕಾರಿಗಳ ಕೋರ್ಟೇ ಆಡಳಿತವನ್ನೂ ನೋಡಿಕೊಳ್ಳುತ್ತಿತ್ತು. 1852ರಲ್ಲಿ ಐದು ಜನರ ಬೋರ್ಡ್ ಬಂತು. ಕೌಂಟಿಯ ನೆಲ ಮಾತ್ರ ಕರಗುತ್ತಾ ಹೋಯಿತು, 1853ರಲ್ಲಿ ಸ್ಯಾನ್ ಬರ್ನಾರ್ಡಿನೋ ಬೇರೆಯಾಯಿತು, 1889ರಲ್ಲಿ ಆರೆಂಜ್ ಕೌಂಟಿ ಬೇರೆಯಾಯಿತು. ನೆಲ ಕರಗಿದರೂ ಜನ ಏರುತ್ತಲೇ ಇದ್ದರು. 1912ರಲ್ಲಿ ಮತದಾರರು ಕೌಂಟಿಗೆ ತನ್ನದೇ ಚಾರ್ಟರ್ ಒಪ್ಪಿದರು, ಅಂದರೆ ರಾಜ್ಯದ ಸಾಮಾನ್ಯ ನಿಯಮದ ಬದಲು ತನ್ನ ಮನೆಯ ನಿಯಮ ತಾನೇ ಬರೆದುಕೊಳ್ಳುವ ಹಕ್ಕು. 1913ರಲ್ಲಿ ಅದು ಜಾರಿಗೆ ಬಂತು. ಆಗ ಜನಸಂಖ್ಯೆ ಸುಮಾರು 5 ಲಕ್ಷ, ಸೂಪರ್‌ವೈಸರ್‌ಗಳು ಐದು. ಈಗ ಜನ 20 ಪಟ್ಟು, ಸೂಪರ್‌ವೈಸರ್‌ಗಳು ಅದೇ ಐದು.

ಐದೇ ಕುರ್ಚಿ ಇದ್ದರೆ ಕೂತವರು ಏಳುವುದಿಲ್ಲ, ಅದು ಇನ್ನೊಂದು ಸಮಸ್ಯೆ. ಕೆನೆತ್ ಹಾನ್ 1952ರಿಂದ 1992ರವರೆಗೆ ಕೂತರು, 40 ವರ್ಷ. ಮೈಕೆಲ್ ಆಂಟೊನೊವಿಚ್ 1980ರಿಂದ 2016ರವರೆಗೆ. ಹಾನ್ ಬಗ್ಗೆ ಕೆಟ್ಟದ್ದು ಹೇಳುವುದು ಕಷ್ಟ, ಮನುಷ್ಯ ಕೆಲಸಗಾರ. ಫ್ರೀವೇ ಪಕ್ಕದಲ್ಲಿ ಗಾಡಿ ಕೆಟ್ಟರೆ ಸಹಾಯಕ್ಕೆ ಕರೆಯಲು ಇಟ್ಟ ಕಾಲ್ ಬಾಕ್ಸ್‌ಗಳ ಹಿಂದೆ ಅವರಿದ್ದರು, 1970ರಲ್ಲಿ ಪ್ಯಾರಾಮೆಡಿಕ್‌ಗಳ, ಅಂದರೆ ಆಸ್ಪತ್ರೆ ಸೇರುವ ಮುಂಚೆಯೇ ತುರ್ತು ಚಿಕಿತ್ಸೆ ಕೊಡುವವರ ಕಾನೂನು ಬರುವುದರ ಹಿಂದೆಯೂ ಇದ್ದರು. ಕೊನೆಗೆ ಟೆಂಪಲ್ ಸ್ಟ್ರೀಟಿನ ಕೌಂಟಿ ಕಟ್ಟಡಕ್ಕೇ ಅವರ ಹೆಸರಿಟ್ಟರು. ಈಗ ಅವರ ಮಗಳು ಜ್ಯಾನಿಸ್ ಹಾನ್ ಅದೇ ಬೋರ್ಡಿನಲ್ಲಿದ್ದಾರೆ, 4ನೇ ಡಿಸ್ಟ್ರಿಕ್ಟ್‌ನಿಂದ (ಐವರಿಗೆ ಐದು ಮತಕ್ಷೇತ್ರ, ಅದನ್ನೇ ಇಲ್ಲಿ ಡಿಸ್ಟ್ರಿಕ್ಟ್ ಅನ್ನುತ್ತಾರೆ). 2024ರಲ್ಲಿ ಬೋರ್ಡ್ 200 ಮಿಲಿಯನ್ ಡಾಲರ್ ಕೊಟ್ಟು ಡೌನ್‌ಟೌನ್‌ನ ಗ್ಯಾಸ್ ಕಂಪನಿ ಟವರ್ ಕೊಂಡು ಕಚೇರಿಗಳನ್ನು ಅಲ್ಲಿಗೆ ಸಾಗಿಸಲು ಹೊರಟಾಗ ಅದನ್ನು ವಿರೋಧಿಸಿದವರು ಇವರೇ. ಅಪ್ಪನ ಹೆಸರಿನ ಕಟ್ಟಡ ಖಾಲಿ ಬೀಳುತ್ತದೆ ಅಂದರೆ ಯಾವ ಮಗಳಿಗೆ ತಾನೆ ಇಷ್ಟ ಆಗುತ್ತದೆ. 2002ರಲ್ಲಿ ಮತದಾರರು ಮೂರು ಅವಧಿಯ ಮಿತಿ ಹಾಕಿದ ಮೇಲೆ ಈ ಖಾಯಂ ಕುರ್ಚಿಯ ಕಾಲ ಮುಗಿಯಿತು. ನಾಲ್ಕು ವರ್ಷದ ಮೂರು ಅವಧಿ, ಹನ್ನೆರಡು ವರ್ಷ, ಆಮೇಲೆ ಮನೆಗೆ. ಇದು ನನಗೆ ಹಿಡಿಸಿದ ಬದಲಾವಣೆ.

ಅಂಕ ಕಡಿಯಬೇಕಾದ ಜಾಗ ಯಾವುದು ಅಂದರೆ ಗಡಿ ಎಳೆಯುವ ಇತಿಹಾಸ. 1981ರಲ್ಲಿ ಬೋರ್ಡ್ ತನ್ನ ಡಿಸ್ಟ್ರಿಕ್ಟ್‌ಗಳ ಗಡಿಯನ್ನು ತಾನೇ ಎಳೆದುಕೊಂಡಿತು. ಲ್ಯಾಟಿನೋ ಜನ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಯಾವ ಡಿಸ್ಟ್ರಿಕ್ಟ್‌ನಲ್ಲೂ ಬಹುಮತಕ್ಕೆ ಬರದ ಹಾಗೆ ಅವರನ್ನು ಹರಿದು ಹಂಚಿದರು, ಇದ್ದವರ ಕುರ್ಚಿ ಉಳಿಯಲಿ ಅಂತ. 1988ರಲ್ಲಿ ಇದರ ವಿರುದ್ಧ ಗಾರ್ಸಾ ಅನ್ನುವವರ ಹೆಸರಿನ ಕೇಸು ಬಿತ್ತು, ಕೇಂದ್ರದ ನ್ಯಾಯ ಇಲಾಖೆಯೂ ಬೋರ್ಡಿನ ವಿರುದ್ಧ ನಿಂತಿತು. 1990ರಲ್ಲಿ ಫೆಡರಲ್ ಕೋರ್ಟು ಇದು ಬೇಕಂತಲೇ ಮಾಡಿದ್ದು ಅಂದಿತು. ಹೊಸ ಗಡಿ ಎಳೆಸಿ ಚುನಾವಣೆ ನಡೆಸಿದಾಗ 1991ರ ಫೆಬ್ರವರಿಯಲ್ಲಿ ಗ್ಲೋರಿಯಾ ಮೊಲೀನಾ ಗೆದ್ದರು. 1875ರ ನಂತರ ಬೋರ್ಡಿಗೆ ಬಂದ ಮೊದಲ ಲ್ಯಾಟಿನೋ ಸದಸ್ಯೆ. ಚುನಾವಣೆ ಗೆದ್ದು ಬಂದ ಮೊದಲ ಹೆಂಗಸೂ ಅವರೇ. ಅದಕ್ಕೂ ಮುಂಚೆ 1979ರಲ್ಲಿ ಇವಾನ್ ಬರ್ಕ್ ಒಂದು ಖಾಲಿ ಜಾಗಕ್ಕೆ ಗವರ್ನರ್ ನೇಮಕದಿಂದ ಬಂದಿದ್ದರು, ಮೊದಲ ಹೆಂಗಸು, ಮೊದಲ ಕಪ್ಪು ಸದಸ್ಯೆ. ಮರುವರ್ಷವೇ ಸೋತರು, 1992ರಲ್ಲಿ ಬೇರೆ ಡಿಸ್ಟ್ರಿಕ್ಟ್‌ನಿಂದ ಗೆದ್ದು ವಾಪಸ್ ಬಂದರು. ಕೌಂಟಿ ಕಟ್ಟಡದ ಪಕ್ಕದ ಗ್ರ್ಯಾಂಡ್ ಪಾರ್ಕಿಗೆ 2023ರಿಂದ ಮೊಲೀನಾ ಹೆಸರಿದೆ. ಯಾವ ಬೋರ್ಡು ತಮ್ಮಂಥವರನ್ನು ಹೊರಗಿಡಲು ಗಡಿ ಎಳೆದಿತ್ತೋ ಅದರ ಕಿಟಕಿ ಎದುರಿಗೇ ಅವರ ಹೆಸರು.

ಗಡಿ ಎಳೆಯುವ ಕೆಲಸ ಈಗ ಬೋರ್ಡಿನ ಕೈಯಲ್ಲಿಲ್ಲ. 2016ರ ರಾಜ್ಯ ಕಾನೂನಿನ ಪ್ರಕಾರ 14 ಜನ ಸಾಮಾನ್ಯ ನಾಗರಿಕರ ಆಯೋಗ ಅದನ್ನು ಮಾಡುತ್ತದೆ, ಅದರ ಮೊದಲ ನಕ್ಷೆ 2021ರ ಡಿಸೆಂಬರಿನಲ್ಲಿ ಬಂತು. 2020ರಲ್ಲಿ ಹಾಲಿ ಮಿಚೆಲ್ ಗೆದ್ದ ಮೇಲೆ ಐದಕ್ಕೆ ಐದೂ ಹೆಂಗಸರು. ಹಿಲ್ಡಾ ಸೊಲೀಸ್ ಒಬಾಮಾ ಸರ್ಕಾರದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದವರು. ಕ್ಯಾಥರಿನ್ ಬಾರ್ಗರ್ ಆಂಟೊನೊವಿಚ್ ಅವರ ಕಚೇರಿಯ ಮುಖ್ಯಸ್ಥೆಯಾಗಿದ್ದು ಆಮೇಲೆ ಅವರ ಜಾಗಕ್ಕೇ ಬಂದವರು. ಲಿಂಡ್ಸಿ ಹಾರ್ವತ್ 2022ರಲ್ಲಿ ಸೇರಿದರು. ಬೋರ್ಡಿನ ಚುನಾವಣೆ ಪಕ್ಷಗಳ ಚಿಹ್ನೆ ಇಲ್ಲದೆ ನಡೆಯುತ್ತದೆ, ಆದರೂ ಬಾರ್ಗರ್ ಒಬ್ಬರೇ ರಿಪಬ್ಲಿಕನ್ ಅಂತ ಎಲ್ಲರಿಗೂ ಗೊತ್ತು.

ಇನ್ನು ಸೇವೆ ಹೇಗಿದೆ ಅಂತ ನೋಡೋಣ. ಸಭೆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ. ಹೋಗಿ ಕೂರಬಹುದು, ಇಲ್ಲವೇ ಮನೆಯಲ್ಲಿ ಕಾಫಿ ಹಿಡಿದು ಲೈವ್ ನೋಡಬಹುದು. ಪಾರದರ್ಶಕತೆಗೆ ನಾನು ಪೂರ್ತಿ ಅಂಕ ಕೊಡ್ತೀನಿ. ಇದರ ಪುಣ್ಯ 1953ರ ಬ್ರೌನ್ ಆಕ್ಟ್ ಅನ್ನುವ ರಾಜ್ಯ ಕಾನೂನಿಗೆ ಸೇರಬೇಕು. ಅಜೆಂಡಾ 72 ಗಂಟೆ ಮುಂಚೆ ಹೊರಗೆ ಬರಬೇಕು, ಅದರಲ್ಲಿ ಇಲ್ಲದ ವಿಷಯಕ್ಕೆ ಸುಮ್ನೆ ವೋಟ್ ಹಾಕುವ ಹಾಗಿಲ್ಲ, ಮೂವರು ಸೂಪರ್‌ವೈಸರ್‌ಗಳು ಕೂತು ಗುಟ್ಟಾಗಿ ಕೌಂಟಿ ವಿಷಯ ಮಾತಾಡುವ ಹಾಗೂ ಇಲ್ಲ, ಯಾಕೆಂದರೆ ಮೂವರು ಅಂದರೆ ಬಹುಮತ. ಕೋರ್ಟು ಕೇಸು, ಸಿಬ್ಬಂದಿ ವಿಷಯ ಥರದ ಕೆಲವಕ್ಕೆ ಮಾತ್ರ ಬಾಗಿಲು ಮುಚ್ಚುತ್ತಾರೆ.

ಸಭೆ ನೋಡುವುದಕ್ಕೆ ತಾಳ್ಮೆ ಬೇಕು ಸ್ವಾಮಿ. ಶುರುವಿನಲ್ಲಿ ಸನ್ಮಾನಗಳು, ಫೋಟೋಗಳು, ಚಪ್ಪಾಳೆಗಳು. ಆಂಟೊನೊವಿಚ್ ಇದ್ದ ಕಾಲದಲ್ಲಿ ಕೌಂಟಿ ಪ್ರಾಣಿ ಕೇಂದ್ರದಿಂದ ಒಂದು ನಾಯಿಯನ್ನೋ ಬೆಕ್ಕನ್ನೋ ತರಿಸಿ, ಮೈಕಿನ ಮುಂದೆ ಇಟ್ಟುಕೊಂಡು, ಯಾರಾದರೂ ಸಾಕಿಕೊಳ್ಳಿ ಅಂತ ಕೇಳುತ್ತಿದ್ದರು. ಬಿಲಿಯನ್‌ಗಟ್ಟಲೆ ಡಾಲರಿನ ಬಜೆಟ್ಟಿನ ಸಭೆಯಲ್ಲಿ ಒಂದು ನಾಯಿಮರಿ ಆಕಳಿಸುತ್ತಾ ಕೂತಿರುವುದು! ನನ್ನ ಪ್ರಕಾರ ಬೋರ್ಡಿನ ಇತಿಹಾಸದಲ್ಲಿ ಯಾರ ತಕರಾರೂ ಇಲ್ಲದ ಕಾರ್ಯಕ್ರಮ ಅಂದರೆ ಅದೊಂದೇ ಇರಬೇಕು. ಇದಾದ ಮೇಲೆ ಜನರ ಮಾತು. ಒಬ್ಬೊಬ್ಬರಿಗೆ ಒಂದೋ ಎರಡೋ ನಿಮಿಷ. ಅರ್ಧ ವಾಕ್ಯದಲ್ಲೇ ಸಮಯ ಮುಗಿಯುತ್ತದೆ. ಯಾರೂ ತಡೆಹಿಡಿಯದ ವಿಷಯಗಳನ್ನೆಲ್ಲ ಒಟ್ಟಿಗೆ ಸೇರಿಸಿ ಒಂದೇ ಏಟಿಗೆ ಪಾಸ್ ಮಾಡುತ್ತಾರೆ. ಯಾವುದೋ ಕಾಂಟ್ರ್ಯಾಕ್ಟು, ಯಾವುದೋ ಪರಿಹಾರದ ಮೊತ್ತ, ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಟ್ಟಿರುತ್ತದೆ. ಅಜೆಂಡಾ ಮೊದಲೇ ಓದಿದ್ದರೆ ಮಾತ್ರ ಏನಾಯಿತು ಅಂತ ಗೊತ್ತಾಗುತ್ತದೆ.

ಈ ಸೇವೆ ನಿಜವಾಗಿ ಪರೀಕ್ಷೆಗೆ ಬಿದ್ದಿದ್ದು ಆಲ್ಟಡೀನಾದಲ್ಲಿ. ಪ್ಯಾಸಡೀನಾ ಪಕ್ಕದಲ್ಲೇ, ಬೆಟ್ಟದ ಬುಡದಲ್ಲಿ, ಸುಮಾರು 42,000 ಜನರ ಊರು. ಪ್ಯಾಸಡೀನಾ ನಗರ, ಅದಕ್ಕೆ ಮೇಯರ್ ಇದ್ದಾರೆ, ಸಿಟಿ ಕೌನ್ಸಿಲ್ ಇದೆ. ಗಡಿಯ ಆ ಕಡೆಯ ಮನೆಗೆ ಇವೆರಡೂ ಇಲ್ಲ. ಟೌನ್ ಕೌನ್ಸಿಲ್ ಅಂತ ಒಂದಿದೆ, ಸಲಹೆ ಕೊಡಬಹುದು ಅಷ್ಟೇ. ಆಲ್ಟಡೀನಾದವರಿಗೆ ಸಿಟಿ ಕೌನ್ಸಿಲ್ ಅಂದರೂ ಇದೇ ಬೋರ್ಡು, ಮೇಯರ್ ಅಂದರೂ ಇದೇ ಬೋರ್ಡು, ಅದರಲ್ಲೂ ಐವರಲ್ಲಿ ಅವರು ವೋಟ್ ಹಾಕಿ ಆರಿಸಿದವರು ಒಬ್ಬರೇ. ಈಸ್ಟ್ ಲಾಸ್ ಏಂಜಲೀಸ್‌ನ ಲಕ್ಷಕ್ಕೂ ಮೀರಿದ ಜನರದ್ದೂ ಇದೇ ಕಥೆ. ಮಾಮೂಲಿ ದಿನಗಳಲ್ಲಿ ಇದು ಯಾರಿಗೂ ಕಾಣುವುದಿಲ್ಲ. ರಸ್ತೆ ಗುಂಡಿ ಮುಚ್ಚುತ್ತಾರೆ, ಗ್ರಂಥಾಲಯ ತೆರೆದಿರುತ್ತದೆ.

2025ರ ಜನವರಿ 7ರ ಸಂಜೆ ಈಟನ್ ಬೆಂಕಿ ಹೊತ್ತಿಕೊಂಡಿತು. 9,000ಕ್ಕೂ ಜಾಸ್ತಿ ಕಟ್ಟಡಗಳು ಸುಟ್ಟವು, 19 ಜನ ಸತ್ತರು. ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಲೇಕ್ ಅವೆನ್ಯೂದ ಪಶ್ಚಿಮಕ್ಕಿದ್ದವರು. ಪೂರ್ವದ ಕಡೆಯವರಿಗೆ ಮನೆ ಬಿಡಿ ಅಂತ ಆದೇಶ ಹೋಗಿತ್ತು, ಪಶ್ಚಿಮದವರಿಗೆ ಹೋಗಿದ್ದು ಗಂಟೆಗಟ್ಟಲೆ ತಡವಾಗಿ, ಬೆಂಕಿ ಬಂದು ಮುಟ್ಟಿದ ಮೇಲೆ. ಇದಕ್ಕೆ ಯಾರು ಹೊಣೆ? ಶೆರಿಫ್ ಬೇರೆಯಾಗಿ ಆರಿಸಿ ಬಂದವರು. ಅಗ್ನಿಶಾಮಕ ಮುಖ್ಯಸ್ಥರು ಬೋರ್ಡ್ ನೇಮಿಸಿದವರು. ತುರ್ತು ನಿರ್ವಹಣೆಗೆ ಇನ್ನೊಂದು ಕಚೇರಿ. ಬೋರ್ಡ್ ಹೊರಗಿನ ಸಂಸ್ಥೆಯೊಂದಕ್ಕೆ ತನಿಖೆ ಮಾಡಲು ಕೊಟ್ಟಿತು, ಸೆಪ್ಟೆಂಬರಿನಲ್ಲಿ ವರದಿ ಬಂತು. ವ್ಯವಸ್ಥೆ ಹಳೆಯದು, ಯಾರ ಜವಾಬ್ದಾರಿ ಯಾವುದು ಅಂತ ಸ್ಪಷ್ಟ ಇಲ್ಲ ಅನ್ನುವ ಧಾಟಿ. ನಗರವಾಗಿದ್ದರೆ ಜನ ಮೇಯರ್ ಮನೆ ಮುಂದೆ ನಿಲ್ಲುತ್ತಿದ್ದರು. ಇಲ್ಲಿ ಐದು ಮುಖಗಳಲ್ಲಿ ಯಾವುದನ್ನು ನೋಡಿ ಕೇಳುವುದು?

ಇದು ಹೊಸ ರೋಗವೇನಲ್ಲ. ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ 1965ರಲ್ಲಿ ನಡೆದ ಗಲಭೆಯ ನಂತರ, ಆ ಭಾಗದಲ್ಲಿ ಆಸ್ಪತ್ರೆಯೇ ಇಲ್ಲ ಅಂತ ಕೌಂಟಿ ಒಂದನ್ನು ಕಟ್ಟಿ 1972ರಲ್ಲಿ ತೆರೆಯಿತು, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನಲ್ಲಿ. ಜನ ಹೆಮ್ಮೆಪಟ್ಟ ಆಸ್ಪತ್ರೆ. ಆಮೇಲೆ ಚಿಕಿತ್ಸೆಯಲ್ಲಿ ಎಡವಟ್ಟಿನ ಮೇಲೆ ಎಡವಟ್ಟು, ಪೇಪರಿನಲ್ಲಿ ಸರಣಿ ವರದಿ, ಬೋರ್ಡಿನಲ್ಲಿ ಚರ್ಚೆಯ ಮೇಲೆ ಚರ್ಚೆ. ಕೊನೆಗೆ 2007ರಲ್ಲಿ ಕೇಂದ್ರದ ಹಣ ನಿಂತು ಬಾಗಿಲು ಮುಚ್ಚಿತು. ಮತ್ತೆ ಆಸ್ಪತ್ರೆ ತೆರೆದಿದ್ದು 2015ರಲ್ಲಿ, ಅದೂ ನಡೆಸುವ ಹೊಣೆಯನ್ನು ಬೇರೆ ಸಂಸ್ಥೆಗೆ ಕೊಟ್ಟು. ಹೋಟೆಲ್ ಕಾರ್ಡನ್ನು ಕೆಲವೇ ವಾರಗಳಲ್ಲಿ ತಂದ ಅದೇ ಬೋರ್ಡು ಇದು. ಆರ್ಡರ್ ಹೊರಡಿಸುವುದಾದರೆ ಮೂರು ವೋಟು ಸಾಕು. ವರ್ಷಗಟ್ಟಲೆ ಬೆನ್ನು ಹತ್ತಿ ಒಂದು ಸಂಸ್ಥೆಯನ್ನು ಸರಿ ಮಾಡುವುದಕ್ಕೆ ಒಬ್ಬ ಯಜಮಾನ ಬೇಕಾಗುತ್ತದೆ. ನನ್ನ ಮುಖ್ಯ ದೂರು ಇದೇ.

ಈ ದೂರಿಗೆ ಪರಿಹಾರ ಅಂತ 2024ರ ನವೆಂಬರಿನಲ್ಲಿ ಮೆಷರ್ ಜಿ ಅನ್ನುವ ಪ್ರಸ್ತಾಪ ಜನರ ವೋಟಿಗೆ ಬಂತು. ಹಾರ್ವತ್ ಮತ್ತು ಹಾನ್ ಮುಂದಿಟ್ಟಿದ್ದು, ಬಾರ್ಗರ್ ಮತ್ತು ಮಿಚೆಲ್ ವಿರೋಧಿಸಿದ್ದು. ಇದಕ್ಕೂ ಮುಂಚೆ 1992ರಲ್ಲಿ, 2000ದಲ್ಲಿ ಸದಸ್ಯರನ್ನು ಹೆಚ್ಚಿಸೋಣ ಅಂದಾಗ ಜನ ಬೇಡ ಅಂದಿದ್ದರು. ಈ ಸಲ ಸ್ವಲ್ಪದರಲ್ಲಿ ಪಾಸಾಯಿತು. 2028ರಲ್ಲಿ ಇಡೀ ಕೌಂಟಿಯ ಜನ ಸೇರಿ ಒಬ್ಬ ಕೌಂಟಿ ಎಕ್ಸಿಕ್ಯುಟಿವ್, ಅಂದರೆ ಆಡಳಿತದ ಮುಖ್ಯಸ್ಥರನ್ನು ಆರಿಸುತ್ತಾರೆ. 2030ರ ಜನಗಣತಿಯ ನಂತರ ಗಡಿ ಹೊಸದಾಗಿ ಎಳೆದು, 2032ರ ಚುನಾವಣೆಯಿಂದ ಸೂಪರ್‌ವೈಸರ್‌ಗಳು ಒಂಬತ್ತಾಗುತ್ತಾರೆ. ಅಧಿಕಾರದಲ್ಲಿರುವವರ ನಡತೆ ನೋಡುವ ಎಥಿಕ್ಸ್ ಕಮಿಷನ್ ಬೇರೆ ಬರುತ್ತದೆ. ಒಂಬತ್ತಾದರೂ ಒಬ್ಬೊಬ್ಬರಿಗೆ 11 ಲಕ್ಷ ಜನ ಬೀಳುತ್ತಾರೆ, ಲಾಸ್ ಏಂಜಲೀಸ್ ನಗರದ ಕೌನ್ಸಿಲ್ ಸದಸ್ಯರಿಗೆ ಸುಮಾರು ಎರಡೂವರೆ ಲಕ್ಷ ಅಷ್ಟೇ. ಹಾಗಾಗಿ ಒಂಬತ್ತು ಅನ್ನುವುದು ನನಗೆ ದೊಡ್ಡ ವಿಷಯ ಅಲ್ಲ. ಹೊಣೆ ಹೊರುವ ಒಬ್ಬರು ಸಿಗುತ್ತಾರಲ್ಲ, ಅದು ದೊಡ್ಡ ವಿಷಯ. ಒಂದು ಕೋಟಿ ಜನ ಆರಿಸಿದ ಆ ಒಬ್ಬರು ಆರನೇ ರಾಜ ಆಗಿಬಿಟ್ಟರೆ ಏನು ಮಾಡುವುದು ಅಂತ ಮಿಚೆಲ್ ಥರದವರು ಕೇಳುವುದರಲ್ಲೂ ಅರ್ಥ ಇದೆ.

ಆದರೆ ಅವಸರ ನೋಡಿ. 2020ರಲ್ಲಿ ಜನ ಮೆಷರ್ ಜೆ ಪಾಸ್ ಮಾಡಿದ್ದರು. ಕೌಂಟಿ ತನ್ನ ಸ್ವಂತ ಆದಾಯದ ಒಂದು ಭಾಗದಲ್ಲಿ ಕನಿಷ್ಠ ಶೇಕಡಾ 10ನ್ನು ಜೈಲಿನ ಬದಲು ವಸತಿ, ಚಿಕಿತ್ಸೆ, ಕೆಲಸದ ತರಬೇತಿ ಥರದ್ದಕ್ಕೆ ಇಡಬೇಕು ಅಂತ. ಅದು ಚಾರ್ಟರಿನ ಪುಸ್ತಕಕ್ಕೆ ಸರಿಯಾಗಿ ಸೇರಿರಲಿಲ್ಲ. ಮೆಷರ್ ಜಿ ಬರೆದವರು ಹಳೆಯ ಪ್ರತಿ ಇಟ್ಟುಕೊಂಡು ಆ ಭಾಗವನ್ನು ಹೊಸದಾಗಿ ಬರೆದರು. ಪರಿಣಾಮ, 2028ರಲ್ಲಿ ಮೆಷರ್ ಜೆ ತಾನಾಗಿಯೇ ಅಳಿಸಿಹೋಗುವ ಹಾಗಾಯಿತು. ಇದು ಬೆಳಕಿಗೆ ಬಂದಿದ್ದು 2025ರ ಜುಲೈನಲ್ಲಿ, ಚುನಾವಣೆ ಮುಗಿದು ಎಂಟು ತಿಂಗಳಾದ ಮೇಲೆ. ಪತ್ತೆ ಮಾಡಿದ್ದು ಕೌಂಟಿಯ ವಕೀಲರಲ್ಲ, ಡುವಾರ್ಟೆ ಅನ್ನುವ ಸಣ್ಣ ಊರಿನ ಮಾಜಿ ಕೌನ್ಸಿಲ್ ಸದಸ್ಯರೊಬ್ಬರು. ಲಕ್ಷ ಜನ ನೌಕರರಿದ್ದೂ ಯಾರಿಗೂ ಕಾಣಲಿಲ್ಲವಲ್ಲ! ಬಿ ಕಾರ್ಡನ್ನು ಸಿ ಮಾಡಿಬಿಡೋಣ ಅನ್ನಿಸಿದ್ದು ಇಲ್ಲೇ.

ಬಿ ಉಳಿಸಿದ್ದು ಯಾಕೆ ಅಂದರೆ, ಬಳಸಲು ಗೊತ್ತಿದ್ದವರಿಗೆ ಇದು ಕೆಲಸ ಮಾಡುತ್ತದೆ. ಸಭೆಗೆ ಹೋಗಿ ಒಂದು ನಿಮಿಷ ಕೂಗಿ ಬರುವುದಕ್ಕಿಂತ ನಿಮ್ಮ ಸೂಪರ್‌ವೈಸರ್ ಕಚೇರಿಯ ಡೆಪ್ಯುಟಿಗಳನ್ನು ಹಿಡಿಯುವುದು ಒಳ್ಳೆಯದು. ನಿಮ್ಮ ಭಾಗಕ್ಕೆ ಒಬ್ಬರು, ಆರೋಗ್ಯಕ್ಕೆ ಒಬ್ಬರು, ರಸ್ತೆ ಕಟ್ಟಡಕ್ಕೆ ಒಬ್ಬರು ಅಂತ ಇರುತ್ತಾರೆ. ಇಲಾಖೆಯವರಿಗೆ ಅವರ ಫೋನ್ ಬಂದರೆ ಫೈಲು ಓಡುತ್ತದೆ. ನಗರದೊಳಗೆ ಇದ್ದೀರೋ, ಹೊರಗಿನ ಕೌಂಟಿ ಜಾಗದಲ್ಲಿದ್ದೀರೋ ಅಂತ ಮೊದಲು ನೋಡಿಕೊಳ್ಳಿ, ಅಂಚೆ ವಿಳಾಸದಲ್ಲಿ ಲಾಸ್ ಏಂಜಲೀಸ್ ಅಂತ ಇದ್ದ ಮಾತ್ರಕ್ಕೆ ನಗರದವರು ಅಂತ ಅಲ್ಲ. ಇನ್ನು ಚುನಾವಣೆ: 1 ಮತ್ತು 3ನೇ ಡಿಸ್ಟ್ರಿಕ್ಟಿನ ಸರದಿ 2026ರಲ್ಲಿ, 2, 4 ಮತ್ತು 5ರದ್ದು 2028ರಲ್ಲಿ. 1ನೇ ಡಿಸ್ಟ್ರಿಕ್ಟಿನ ಸೊಲೀಸ್ ಅವರ ಮೂರು ಅವಧಿ 2026ಕ್ಕೆ ಮುಗಿಯುತ್ತದೆ. 4ರ ಹಾನ್, 5ರ ಬಾರ್ಗರ್ ಇಬ್ಬರದ್ದೂ 2028ಕ್ಕೆ, ಅಂದರೆ ಕೌಂಟಿ ಎಕ್ಸಿಕ್ಯುಟಿವ್ ಹುದ್ದೆಗೆ ಮೊದಲ ಚುನಾವಣೆ ನಡೆಯುವ ಅದೇ ವರ್ಷಕ್ಕೆ.